ಅಂಗಳದ ಹುಲ್ಲುಹಾಸು: ಕಳೆಗೂ ಹುಳಕ್ಕೂ ಹೊತ್ತರಿತ ಕೆಲಸವೇ ಮದ್ದು



ರಾಗಿ ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಬೆನ್ನು ಬಾಗಿದವರು ನಮ್ಮ ಹಿರಿಯರು. ಈಗ ಅವರ ಮಕ್ಕಳು ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿ, ಅದೇ ಗರಿಕೆಯನ್ನು ದುಡ್ಡು ಕೊಟ್ಟು ತರಿಸಿ ಬಾಗಿಲ ಮುಂದೆ ನೆಡಿಸುತ್ತಿದ್ದಾರೆ. ಗುಬ್ಬಿ ಕಡೆಯ ಯಜಮಾನರೊಬ್ಬರು ಮಗನ ಮನೆಯ ಅಂಗಳವನ್ನು ನೋಡಿ, "ಕೀಳೋದಕ್ಕೂ ಕೂಲಿ, ನೆಡೋದಕ್ಕೂ ಕೂಲಿ, ಒಳ್ಳೇ ಕಾಲ ಬಂತಪ್ಪ" ಎಂದು ನಕ್ಕರು. ಅವರ ನಗುವಿನಲ್ಲಿ ಒಂದು ಪಾಠವೂ ಇದೆ. ಗಿಡವು ಹುಟ್ಟುವಾಗಲೇ ಕಳೆಯೆಂದು ಹುಟ್ಟುವುದಿಲ್ಲ. ಬೇಡದ ಜಾಗದಲ್ಲಿ ಬೆಳೆದದ್ದು ಕಳೆ, ಬೇಕಾದ ಜಾಗದಲ್ಲಿ ಬೆಳೆದದ್ದು ಬೆಳೆ. ಹೊಲದಲ್ಲಿ ಬೈಸಿಕೊಳ್ಳುವ ಗರಿಕೆಯೇ ಚೌತಿಯ ದಿನ ಗಣಪನ ತಲೆಯ ಮೇಲೆ ಕೂರುತ್ತದೆ.

ಹುಲ್ಲುಹಾಸಿನ ಮಾತು ಹಳ್ಳಿಯವರಿಗೇಕೆ ಎಂದು ಕೆಲವರು ಕೇಳಬಹುದು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಈಗ ಹೊಸ ಮನೆಗಳ ಮುಂದೆ, ಶಾಲೆಗಳ ಆವರಣದಲ್ಲಿ, ದೇವಸ್ಥಾನಗಳ ಮುಂದೆ ಹುಲ್ಲು ಬೆಳೆಸುತ್ತಿದ್ದಾರೆ. ಆ ಹುಲ್ಲಿನ ಮೇಲೆಯೇ ನಮ್ಮ ಕೋಳಿ ಮೇಯುತ್ತದೆ, ಕರು ಬಾಯಿ ಹಾಕುತ್ತದೆ, ಮಗು ಅಂಬೆಗಾಲಿಡುತ್ತದೆ. ಅಂಗಳದ ಹುಳವನ್ನು ಕೊಲ್ಲಲು ಹೋಗಿ ಮನೆಯವರನ್ನೇ ಅಪಾಯಕ್ಕೆ ತಳ್ಳುವ ತಪ್ಪು ಎಲ್ಲಿಯೂ ಆಗಬಾರದು. ಅಂತಹ ತಪ್ಪನ್ನು ಮಾಡಿಸಿದವನು ನಾನೇ ಆದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ಕಳೆಯನ್ನು ಹೂ ಬಿಡುವ ಮುನ್ನ ಕೀಳಬೇಕು, ದುಂಬಿಯನ್ನು ಮೊಟ್ಟೆಯಿಡುವ ಮುನ್ನ ಹಿಡಿಯಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವವರಿಗೆ ಅಂಗಳದಲ್ಲಿ ವಿಷದ ಅಗತ್ಯವೇ ಬೀಳುವುದಿಲ್ಲ. ಹೊತ್ತು ಮೀರಿದ ಮೇಲೆ ವಿಷ ಹಾಕಿದರೂ ಫಲವಿಲ್ಲ.

ಹುಲ್ಲು ಗಟ್ಟಿಯಾಗಿದ್ದರೆ ಕಳೆಗೆ ಜಾಗವಿಲ್ಲ

ಹುಲ್ಲು ತೆಳುವಾಗಿ ನೆಲ ಕಾಣುವ ಕಡೆಯಲ್ಲೇ ಕಳೆ ಹುಟ್ಟುತ್ತದೆ. ಆದುದರಿಂದ ಮೊದಲ ಮದ್ದು ಹುಲ್ಲನ್ನು ಒತ್ತಾಗಿ ಬೆಳೆಸುವುದು.

ಹೊಸದಾಗಿ ಹುಲ್ಲು ನೆಡುವವರು ಬಹುಮಟ್ಟಿಗೆ ಲಾರಿಯಲ್ಲಿ ಮಣ್ಣು ತರಿಸುತ್ತಾರೆ. ಆ ಮಣ್ಣು ಕೆರೆಯಂಗಳದ್ದೋ ಗದ್ದೆಯದೋ ಆಗಿದ್ದರೆ ಅದರೊಡನೆ ಕೊನ್ನಾರಿ ಗಡ್ಡೆಯೂ ಬಂದಿರುತ್ತದೆ. ಮಣ್ಣು ಹರಡಿದ ಕೂಡಲೇ ಹುಲ್ಲು ನೆಡಬೇಡಿ. ಒಂದು ಸಲ ಚೆನ್ನಾಗಿ ನೀರು ಕೊಟ್ಟು ಎರಡು ಮೂರು ವಾರ ಬಿಡಿ. ಮಣ್ಣಿನಲ್ಲಿ ಅಡಗಿದ್ದ ಕಳೆ ಬೀಜಗಳೂ ಗಡ್ಡೆಗಳೂ ಮೊಳೆತು ಮೇಲೆ ಬರುತ್ತವೆ. ಆಗ ಅಗೆದು ಆರಿಸಿ ತೆಗೆಯಿರಿ. ಪುರುಸೊತ್ತಿದ್ದರೆ ಇನ್ನೊಂದು ಸಲ ಹೀಗೆಯೇ ಮಾಡಿ. ಹುಲ್ಲು ನೆಡುವ ಮುನ್ನ ಒಂದು ದಿನ ಮಾಡಿದ ಈ ಕೆಲಸವು ಮುಂದೆ ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವ ಶ್ರಮವನ್ನು ತಪ್ಪಿಸುತ್ತದೆ.

ನೆಟ್ಟ ಮೇಲೆ ಮೂರು ವಿಷಯ ನೆನಪಿರಲಿ. ಒಂದನೆಯದು, ಹುಲ್ಲನ್ನು ಬೋಳಾಗಿ ಕತ್ತರಿಸಬಾರದು. ಬಿಸಿಲಿನ ನಮ್ಮ ಸೀಮೆಯಲ್ಲಿ ಒಂದೂವರೆ ಅಂಗುಲವಾದರೂ ಉಳಿಯಬೇಕು. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಎರಡನೆಯದು, ದಿನವೂ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಬೆಳಗಿನ ಹೊತ್ತು ನೆಲ ತೊಯ್ಯುವಂತೆ ನೀರು ಕೊಡಿ. ಮೇಲೆ ಮೇಲೆ ನೀರು ಬಿದ್ದರೆ ಬೇರೂ ಮೇಲೆಯೇ ಉಳಿಯುತ್ತದೆ. ಆಳಕ್ಕೆ ಇಳಿದ ಬೇರು ಬರವನ್ನೂ ಹುಳವನ್ನೂ ತಾಳಿಕೊಳ್ಳುತ್ತದೆ. ಮೂರನೆಯದು, ಚೆನ್ನಾಗಿ ಕಳಿತ ಗೊಬ್ಬರವನ್ನು ಜರಡಿ ಹಿಡಿದು ಮುಂಗಾರಿನಲ್ಲಿ ತೆಳ್ಳಗೆ ಹರಡಿ. ಹಸಿ ಸಗಣಿಯನ್ನು ಎಂದಿಗೂ ಹಾಕಬೇಡಿ.

ಪಾರ್ಥೇನಿಯಂ: ಬಿಳಿ ಹೂ ಕಂಡ ಮೇಲೆ ತಡವಾಯಿತು

ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ನಮ್ಮ ನೆಲದ್ದಲ್ಲ. ಅದರ ತವರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ಅಮೆರಿಕ ಖಂಡದ ಸೀಮೆಗಳು. ೧೯೫೦ರ ದಶಕದ ನಡುವೆ ಪುಣೆಯಲ್ಲಿ ಇದನ್ನು ಗುರುತಿಸಿದರು. ಅಲ್ಲಿಂದ ಕೆಲವೇ ದಶಕಗಳಲ್ಲಿ ದೇಶದ ಮೂಲೆಮೂಲೆಗೂ ಹಬ್ಬಿತು. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಬೀಜ ಬಹಳ ಹಗುರ. ಗಾಳಿಯಲ್ಲಿ, ನೀರಿನಲ್ಲಿ, ದನದ ಗೊರಸಿನಲ್ಲಿ, ವಾಹನಗಳ ಚಕ್ರದ ಮಣ್ಣಿನಲ್ಲಿ ಸಾಗಿ ಹೋಗುತ್ತದೆ.

ಇದು ಬೆಳೆಗೆ ಮಾತ್ರವಲ್ಲ, ಮೈಗೂ ಶತ್ರು. ಬರಿಗೈಯಲ್ಲಿ ಮತ್ತೆ ಮತ್ತೆ ಮುಟ್ಟಿದವರಲ್ಲಿ ಕೆಲವರಿಗೆ ನವೆ, ಗುಳ್ಳೆ, ಚರ್ಮದ ಉರಿ ಕಾಣಿಸಿಕೊಳ್ಳುತ್ತದೆ. ಹೂವಿನ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಸೀನು, ಉಬ್ಬಸ ಬರುತ್ತದೆ. ಆದುದರಿಂದ ಕೀಳುವಾಗ ಕೈಗವಸು ಹಾಕಿಕೊಳ್ಳಿ. ಇಲ್ಲವಾದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಮೂಗಿಗೆ ಬಟ್ಟೆ ಇರಲಿ. ಶಾಲೆಯ ಮಕ್ಕಳಿಂದ ಶ್ರಮದಾನದ ಹೆಸರಿನಲ್ಲಿ ಬರಿಗೈಯಲ್ಲಿ ಕೀಳಿಸುವುದನ್ನು ಉಪಾಧ್ಯಾಯರು ದಯವಿಟ್ಟು ಮಾಡಬಾರದು.

ಕೀಳುವ ಹೊತ್ತು ಯಾವುದು? ಮಳೆ ಬಿದ್ದು ನೆಲ ಮೆತ್ತಗಿರುವಾಗ, ಗಿಡ ಇನ್ನೂ ನೆಲಕ್ಕೆ ಎಲೆ ಹರಡಿಕೊಂಡು ಮೂಲಂಗಿಯಂತೆ ಕೂತಿರುವಾಗ ಬೇರುಸಹಿತ ತೆಗೆಯಬೇಕು. ಬೇರು ಉಳಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟ ಗಿಡವನ್ನು ಹಾಕಿದರೆ ಮುಂದಿನ ವರ್ಷ ನೀವು ಗೊಬ್ಬರವನ್ನಲ್ಲ, ಪಾರ್ಥೇನಿಯಂ ಬೀಜವನ್ನೇ ಹೊಲಕ್ಕೆ ಚೆಲ್ಲಿದಂತಾಗುತ್ತದೆ.

ರಸ್ತೆಯ ಅಂಚಿನಲ್ಲಿ, ಬೇಲಿಯ ಹೊರಗೆ ಒತ್ತಾಗಿ ಬೆಳೆದಿದ್ದರೆ ಒಂದು ಲೀಟರ್ ನೀರಿಗೆ ೨೦೦ ಗ್ರಾಂ ಅಡುಗೆ ಉಪ್ಪನ್ನು ಕರಗಿಸಿ, ಹೂ ಬಿಡುವ ಮುನ್ನ ಬಿಸಿಲಿರುವಾಗ ಎಲೆ ತೊಯ್ಯುವಂತೆ ಸಿಂಪಡಿಸಬಹುದು. ಅಂಗಳದ ಹುಲ್ಲಿನ ಮೇಲೆ ಮಾತ್ರ ಇದು ಬೇಡ. ಉಪ್ಪು ಕಳೆಯನ್ನೂ ಸುಡುತ್ತದೆ, ಹುಲ್ಲನ್ನೂ ಸುಡುತ್ತದೆ, ಮಣ್ಣನ್ನೂ ಕೆಡಿಸುತ್ತದೆ.

ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳ ಮೇಲೆ ಕೆನೆಬಣ್ಣದ ಮೈಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿಯನ್ನು ನೀವು ನೋಡಿರಬಹುದು. ಅದನ್ನು ಕೊಲ್ಲಬೇಡಿ. ಈ ಕಳೆಯನ್ನು ತಿನ್ನಲೆಂದೇ ೧೯೮೩ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, ೧೯೮೪ರಲ್ಲಿ ಬಯಲಿಗೆ ಬಿಟ್ಟ ದುಂಬಿಯ ಸಂತತಿ ಅದು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿದ್ದು ಮಳೆ ಬಿದ್ದಾಗ ಎದ್ದು ಬಂದು ಎಲೆಯನ್ನು ಜಾಲರಿಯಂತೆ ಮಾಡುತ್ತದೆ. ಸಂಬಳ ಕೇಳದ ಕೂಲಿಯಾಳು ಎನ್ನಬಹುದು.

ಕೊನ್ನಾರಿ: ಮೇಲೆ ಕಿತ್ತರೆ ಕೆಳಗೆ ನಗುತ್ತದೆ

ಕೊನ್ನಾರಿಯನ್ನು ಕೆಲವೆಡೆ ತುಂಗೆ ಎಂದೂ ಜೇಕು ಎಂದೂ ಕರೆಯುತ್ತಾರೆ. ಇದು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಹೂ ಬಿಡುವ ದಂಟನ್ನು ಎರಡು ಬೆರಳಿನ ನಡುವೆ ಉರುಳಿಸಿ ನೋಡಿ; ಮೂರು ಮೂಲೆ ಕೈಗೆ ಸಿಕ್ಕುತ್ತದೆ. ಹುಲ್ಲಿನ ದಂಟು ದುಂಡಗಿರುತ್ತದೆ. ಹುಲ್ಲು ಕತ್ತರಿಸಿದ ಎರಡೇ ದಿನಕ್ಕೆ ಉಳಿದೆಲ್ಲಕ್ಕಿಂತ ಮೇಲೆ ತಲೆಯೆತ್ತಿ ನಿಲ್ಲುವುದೇ ಅದರ ಗುರುತು.

ನೆಲದೊಳಗೆ ಸಣ್ಣ ಸಣ್ಣ ಕರಿ ಗಡ್ಡೆಗಳು ಮಣಿಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಎಲೆ ಹಿಡಿದು ಎಳೆದರೆ ಸರ ಹರಿದು ಗಡ್ಡೆ ಒಳಗೇ ಉಳಿಯುತ್ತದೆ. ಮಲಗಿದ್ದ ಪಕ್ಕದ ಗಡ್ಡೆಗಳೂ ಎಚ್ಚರಗೊಂಡು ಮೊಳೆಯುತ್ತವೆ. "ಒಂದು ಕಿತ್ತರೆ ನಾಲ್ಕು ಬರುತ್ತೆ" ಎಂದು ಜನರು ಹೇಳುವುದು ಸುಳ್ಳಲ್ಲ.

ಹುಲ್ಲು ನೆಡುವ ಮುನ್ನವಾದರೆ ಬೇಸಿಗೆಯಲ್ಲಿ ಒಂದು ಅಡಿ ಆಳ ಅಗೆದು ಗಡ್ಡೆಗಳನ್ನು ಮೇಲೆ ತಂದು, ಕಡುಬಿಸಿಲಿನಲ್ಲಿ ಎರಡು ವಾರ ಒಣಗಲು ಬಿಡಿ. ನೀರಿಗೆ ಜಗ್ಗದ ಕೊನ್ನಾರಿ ಬಿಸಿಲಿನ ಒಣಗಿಗೆ ಜಗ್ಗುತ್ತದೆ. ಒಣಗಿದ ಗಡ್ಡೆಗಳನ್ನು ಆರಿಸಿ ಹೊರಗೆ ಹಾಕಿ. ತಿಪ್ಪೆಗೆ ಮಾತ್ರ ಹಾಕಬೇಡಿ.

ಹುಲ್ಲು ನೆಟ್ಟಾಗಿದ್ದರೆ ಸಣ್ಣ ಹಾರೆಯನ್ನು ಓರೆಯಾಗಿ ಇಳಿಸಿ ಗಡ್ಡೆಸಹಿತ ಮೀಟಿ ತೆಗೆಯಿರಿ. ಎಷ್ಟು ಮಾಡಿದರೂ ಕೆಲವು ಉಳಿದೇ ಉಳಿಯುತ್ತವೆ. ಎಲೆ ಕಂಡಾಗಲೆಲ್ಲ, ಎರಡು ಮೂರು ವಾರಕ್ಕೊಮ್ಮೆ, ಬೇಸರವಿಲ್ಲದೆ ತೆಗೆಯುತ್ತಾ ಬಂದರೆ ಗಡ್ಡೆಯಲ್ಲಿ ಕೂಡಿಟ್ಟ ಶಕ್ತಿ ಕರಗುತ್ತದೆ. ಎಲೆ ಹಸಿರಾಗಿ ಒಂದು ತಿಂಗಳು ಉಳಿಯಲು ಬಿಟ್ಟಿರೋ, ಅಡಿಯಲ್ಲಿ ಹೊಸ ಗಡ್ಡೆ ಕಟ್ಟಿತೆಂದೇ ತಿಳಿಯಿರಿ. ಕೊನ್ನಾರಿಗೆ ನೆರಳೂ ಆಗದು. ಆದುದರಿಂದ ಹುಲ್ಲನ್ನು ಒತ್ತಾಗಿ, ತುಸು ಎತ್ತರವಾಗಿ ಬೆಳೆಸುವುದೂ ಒಂದು ಮದ್ದೇ.

ಉಳಿದ ಕಳೆಗಳು ಇಷ್ಟು ಹಟ ಮಾಡುವುದಿಲ್ಲ. ಮುರಿದರೆ ಹಾಲು ಬರುವ ಅಚ್ಚೆ ಗಿಡ, ಮುಟ್ಟಿದರೆ ಮುನಿ, ನೆಗ್ಗಿಲು, ಇವುಗಳನ್ನು ಮಳೆಯ ಮಾರನೆಯ ದಿನ ಕೈಯಲ್ಲೇ ಕೀಳಬಹುದು. ನೆಗ್ಗಿಲನ್ನು ಮುಳ್ಳುಕಾಯಿ ಬಲಿಯುವ ಮುನ್ನವೇ ಕೀಳಬೇಕು. ಇನ್ನು ಗೋಣಿ ಸೊಪ್ಪು, ಅಣ್ಣೆ ಸೊಪ್ಪು ಕಂಡರೆ ಮನೆಯ ಹೆಂಗಸರಿಗೆ ಹೇಳಿಕೊಡಬೇಕಾದ್ದಿಲ್ಲ. ಅವು ಬೆರಕೆ ಸೊಪ್ಪಿನ ಸಾರಿಗೆ ಹೋಗುತ್ತವೆ. ಕಳೆನಾಶಕ ಹೊಡೆದ ಅಂಗಳದಲ್ಲಿ ಸೊಪ್ಪು ಕುಯ್ಯುವ ಹಾಗಿಲ್ಲ. ಪಕ್ಕದ ಮನೆಯ ಅಜ್ಜಿ ತಿಳಿಯದೆ ಕುಯ್ದರೆ ಹೊಣೆ ಯಾರದು? ನಾಲ್ಕು ಮಂಕರಿ ಕಳೆಗೆ ಕಳೆನಾಶಕ ಬೇಡವೆಂದು ನಾನು ಹೇಳುವುದು ಇದಕ್ಕಾಗಿಯೇ.

ಹುಳಗಳಲ್ಲಿ ನೆಂಟರೂ ಇದ್ದಾರೆ

ಮಳೆಯಾದ ಬೆಳಿಗ್ಗೆ ಹುಲ್ಲಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಡ್ಡೆಗಳನ್ನು ಕಂಡು ಪಟ್ಟಣದ ಕೆಲವರು ಗಾಬರಿಯಾಗುತ್ತಾರೆ. ಅದು ಎರೆಹುಳುವಿನ ಹಿಕ್ಕೆ. ಮಣ್ಣನ್ನು ಸಡಿಲ ಮಾಡಿ ಗೊಬ್ಬರ ಕೊಡುವ ಈ ಜೀವ ಇರುವ ಅಂಗಳವೇ ಭಾಗ್ಯದ ಅಂಗಳ. ಒಣಗಿದ ಮೇಲೆ ಪೊರಕೆಯಿಂದ ಗುಡಿಸಿದರೆ ಆಯಿತು. ಇರುವೆಯೂ ಹುಲ್ಲಿನ ಬೇರನ್ನು ತಿನ್ನುವುದಿಲ್ಲ. ಗೆದ್ದಲು ಒಣಗಿದ್ದನ್ನು ಹುಡುಕಿಕೊಂಡು ಬರುತ್ತದೆ. ಹುಲ್ಲಿನ ಮೇಲೆ ಕಟ್ಟಿಗೆ ಚೂರು, ತೆಂಗಿನ ಮಟ್ಟೆ, ಒಣ ಎಲೆ ಕೂಡಿಹಾಕದೆ ಚೊಕ್ಕಟವಾಗಿ ಇಟ್ಟು ಆಗಾಗ ನೀರು ಕೊಟ್ಟರೆ ಅದರ ಕಾಟ ತಗ್ಗುತ್ತದೆ.

ಹುಲ್ಲುಹಾಸಿನ ನಿಜವಾದ ಶತ್ರು ಗೊಣ್ಣೆ ಹುಳು.

ಗೊಣ್ಣೆ ಹುಳುವನ್ನು ಗುರುತಿಸುವ ಬಗೆ

ಬಿಳಿ ಮೈ, ಕಂದು ತಲೆ, ಮುಂದೆ ಮೂರು ಜೊತೆ ಕಾಲು. ಕೈಗೆ ತೆಗೆದುಕೊಂಡರೆ ಕುಡುಗೋಲಿನ ಹಾಗೆ ಬಾಗಿ ಮುದುರಿಕೊಳ್ಳುತ್ತದೆ. ಕಬ್ಬು, ಕಡಲೆಕಾಯಿ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಾದ್ದಿಲ್ಲ. ಮಣ್ಣಿನೊಳಗಿದ್ದು ಬೇರು ತಿನ್ನುವುದರಿಂದ ಹುಲ್ಲು ನೀರಿದ್ದರೂ ಅಲ್ಲಲ್ಲಿ ತೇಪೆಯಂತೆ ಹಳದಿಯಾಗುತ್ತದೆ. ಕಾಗೆ, ಗೊರವಂಕಗಳು ಒಂದೇ ಜಾಗವನ್ನು ಕುಕ್ಕುತ್ತಿದ್ದರೆ ಅಡಿಯಲ್ಲಿ ಹುಳುವಿರಬಹುದೆಂದು ತಿಳಿಯಬೇಕು.

ಸಂಶಯ ಬಂದರೆ ಹೀಗೆ ಪರೀಕ್ಷಿಸಿ. ಹಳದಿ ತೇಪೆಯ ಅಂಚಿನಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕವನ್ನು ಮೂರು ಕಡೆ ಗುದ್ದಲಿಯಿಂದ ಕತ್ತರಿಸಿ, ಚಾಪೆಯಂತೆ ಮಗುಚಿ. ಮೂರು ನಾಲ್ಕು ಅಂಗುಲದವರೆಗೆ ಮಣ್ಣನ್ನು ಕೆದಕಿ ಹುಳುಗಳನ್ನು ಎಣಿಸಿ. ಒಂದೆರಡು ಸಿಕ್ಕರೆ ಹೆದರಬೇಕಾದ್ದಿಲ್ಲ, ಗಟ್ಟಿ ಹುಲ್ಲು ಅದನ್ನು ತಾಳುತ್ತದೆ. ಐದಕ್ಕಿಂತ ಹೆಚ್ಚು ಸಿಕ್ಕರೆ ಕ್ರಮ ಕೈಗೊಳ್ಳಬೇಕು. ನೋಡಿ ಆದ ಮೇಲೆ ಹುಲ್ಲನ್ನು ಮತ್ತೆ ಮಲಗಿಸಿ ತುಳಿದು ನೀರು ಹಾಕಿ.

ತಿಪ್ಪೆಯಲ್ಲಿ ಹೆಬ್ಬೆರಳು ಗಾತ್ರದ ಇಂತಹದೇ ಬಿಳಿ ಹುಳು ಸಿಕ್ಕುತ್ತದಲ್ಲ, ಅದು ಬೇರೆ. ಅದು ಕೊಳೆತದ್ದನ್ನು ತಿನ್ನುತ್ತದೆಯೇ ಹೊರತು ಬೇರನ್ನಲ್ಲ. ಆದರೆ ನಮ್ಮ ತೆಂಗಿನ ಸೀಮೆಯಲ್ಲಿ ಅದನ್ನೂ ಬಿಡುವಂತಿಲ್ಲ. ಬೆಳೆದರೆ ಅದೇ ತಲೆಯ ಮೇಲೆ ಕೊಂಬಿರುವ ಕುರುವಾಯಿ ದುಂಬಿಯಾಗಿ ತೆಂಗಿನ ಸುಳಿಯನ್ನು ಕೊರೆಯುತ್ತದೆ. ಬಿಚ್ಚಿದ ಗರಿಯಲ್ಲಿ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುವುದು ಅದರ ಗುರುತು. ಗುಬ್ಬಿಯ ತೋಟದ ತಿಪ್ಪೆಯಿಂದ ಗೊಬ್ಬರವನ್ನು ಜರಡಿ ಹಿಡಿಯದೆ ತುಮಕೂರಿನ ಅಂಗಳಕ್ಕೆ ಒಯ್ದರೆ ಹುಳುವನ್ನೂ ಜೊತೆಗೆ ಒಯ್ದಂತಾಗುತ್ತದೆ. ಜರಡಿಯಲ್ಲಿ ಸಿಕ್ಕ ಹುಳು ಕೋಳಿಗೆ ಒಳ್ಳೆಯ ಆಹಾರ.

ನಾನು ಮಾಡಿಸಿದ ತಪ್ಪು

೨೦೧೭ರಲ್ಲಿ ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದೆ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ. ಹೊಸ ಮನೆಯ ಮುಂದೆ ಅವರ ಮಗ ಆಸೆಯಿಂದ ಹುಲ್ಲು ನೆಡಿಸಿದ್ದ. ಸೆಪ್ಟೆಂಬರ್ ತಿಂಗಳಲ್ಲಿ ಅದು ತೇಪೆ ತೇಪೆಯಾಗಿ ಒಣಗುತ್ತಿತ್ತು. ಅಗೆದು ನೋಡಿದೆ, ದಪ್ಪ ದಪ್ಪ ಗೊಣ್ಣೆ ಹುಳುಗಳು. ಅಡಿಕೆ ಗಿಡಗಳಿಗೆಂದು ತಂದು ಉಳಿದಿದ್ದ ಹರಳಿನ ವಿಷ, ಫೋರೇಟ್, ಅಟ್ಟದ ಮೇಲಿತ್ತು. "ಅದನ್ನೇ ಎರಡು ಹಿಡಿ ಎರಚಿ ಅತ್ತೆ" ಎಂದೆ. "ಓದಿದೋನು ನೀನು, ನೀನು ಹೇಳಿದ್ಮೇಲೆ ಇನ್ನೇನು" ಎಂದು ಅತ್ತೆ ಎರಚಿದರು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಏಳು ಕೋಳಿಗಳು ಸತ್ತು ಬಿದ್ದಿದ್ದವು. ದಿನವೂ ಆ ಹುಲ್ಲಿನ ಮೇಲೆಯೇ ಅಂಬೆಗಾಲಿಡುತ್ತಿದ್ದ ಮೊಮ್ಮಗು ಅಂದು ತಾಯಿಯೊಂದಿಗೆ ತುಮಕೂರಿಗೆ ಹೋಗಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. "ಕೋಳಿ ಹೋದ್ರೆ ಹೋಗ್ಲಿ ಬಿಡಪ್ಪ, ಮಗು ಉಳೀತಲ್ಲ" ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಮೇಲೆ ಅಗೆದು ನೋಡಿದಾಗ ಗೊಣ್ಣೆ ಹುಳುಗಳಲ್ಲಿ ಬಹುಪಾಲು ಬದುಕಿಯೇ ಇದ್ದವು. ಬಲಿತ ಹುಳು ಆಳಕ್ಕೆ ಇಳಿದಿರುತ್ತದೆ; ಮೇಲೆ ಎರಚಿದ್ದು ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಕೊಲ್ಲಬೇಕಾದ್ದು ಸಾಯಲಿಲ್ಲ, ಉಳಿಯಬೇಕಾದ್ದು ಉಳಿಯಲಿಲ್ಲ. ನಾನು ಹುಳುವನ್ನು ಗುರುತಿಸಿದ್ದೆ, ಹೊತ್ತನ್ನು ಗುರುತಿಸಿರಲಿಲ್ಲ.

ಫೋರೇಟ್‌ನ ಮಾರಾಟ ಮತ್ತು ಬಳಕೆಯನ್ನು ಕೇಂದ್ರ ಸರ್ಕಾರವು ೨೦೧೮ರ ಆಜ್ಞೆಯ ಮೂಲಕ ೨೦೨೦ರ ಡಿಸೆಂಬರ್ ೩೧ರಿಂದ ನಿಷೇಧಿಸಿದೆ. ಕಾಸರಗೋಡಿನ ಎಣ್ಮಕಜೆ ಮೊದಲಾದ ಊರುಗಳ ಕಥೆ ನಿಮಗೆ ಗೊತ್ತಿರಬಹುದು. ಅಲ್ಲಿ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದರ ನೋವನ್ನು ಕನ್ನಡ, ತುಳು, ಮಲೆಯಾಳ ಮಾತನಾಡುವ ಮನೆಗಳು ಉಂಡವು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು. ನಿಮ್ಮ ಅಟ್ಟದ ಮೇಲೆ ಹಳೆಯ ಡಬ್ಬಿ, ಪೊಟ್ಟಣಗಳಿದ್ದರೆ ಬಳಸಬೇಡಿ. ಚರಂಡಿಗೂ ಕೆರೆಗೂ ಸುರಿಯಬೇಡಿ. ಡಬ್ಬಿಯನ್ನು ತೊಳೆದು ಅಡುಗೆಮನೆಗೆ ತರಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಕಸ್ಮಾತ್ ಯಾರಾದರೂ ವಿಷ ಮುಟ್ಟಿ ಅಥವಾ ನುಂಗಿ ವಾಂತಿ, ಬೆವರು, ಜೊಲ್ಲು, ಕಣ್ಣು ಮಂಜು ಕಂಡುಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ, ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಧಾವಿಸಿ.

ಹೊತ್ತು ಯಾವುದು?

ಗೊಣ್ಣೆ ಹುಳುವಿನ ಬಾಳು ಒಂದು ವರ್ಷದ್ದು. ಬೇಸಿಗೆಯಲ್ಲಿ ಕಂದು ದುಂಬಿಯಾಗಿ ಮಣ್ಣಿನೊಳಗೆ ಕಾದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಹದಮಳೆ ಬಿದ್ದ ಸಂಜೆ, ಕತ್ತಲಾಗುತ್ತಿದ್ದಂತೆ ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ, ಎಲಚಿ ಮರಗಳ ಮೇಲೆ ಕೂತು ಎಲೆ ತಿನ್ನುತ್ತವೆ, ಜೊತೆಗೂಡುತ್ತವೆ. ಬೆಳಗಾಗುವ ಮುನ್ನ ಮಣ್ಣಿಗೆ ಇಳಿದು ಮೊಟ್ಟೆಯಿಡುತ್ತವೆ. ಒಂದೊಂದು ಹೆಣ್ಣು ಹತ್ತಾರು ಮೊಟ್ಟೆ ಇಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮರಿ. ಜೂನ್, ಜುಲೈನಲ್ಲಿ ಮರಿ ಸಣ್ಣದು, ಮೇಲ್ಮಣ್ಣಿನಲ್ಲಿ ಇರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಲಿತು ಹೆಚ್ಚು ಬೇರು ತಿನ್ನುತ್ತದೆ. ನಾವು ಕಣ್ಣು ಬಿಡುವುದು ಆವಾಗಲೇ!

ಆದುದರಿಂದ ಮೊದಲ ಮಳೆಯ ಸಂಜೆಯೇ ಒಳ್ಳೆಯ ಹೊತ್ತು. ಏಳು ಗಂಟೆಯಿಂದ ಒಂಬತ್ತರವರೆಗೆ ಬೇವಿನ ಮರದ ಕೆಳಗೆ ಹಳೆಯ ಪಂಚೆಯನ್ನೋ ಟಾರ್ಪಾಲನ್ನೋ ಹಾಸಿ, ಉದ್ದ ಕೋಲಿನಿಂದ ಕೊಂಬೆ ಅಲುಗಿಸಿ. ದುಂಬಿ ಉದುರುತ್ತದೆ. ಬಕೆಟ್ ನೀರಿಗೆ ಸ್ವಲ್ಪ ಸೀಮೆಎಣ್ಣೆಯನ್ನೋ ಸೋಪಿನ ಪುಡಿಯನ್ನೋ ಹಾಕಿ ಅದರಲ್ಲಿ ಸುರಿಯಿರಿ. ಬೆಳಕಿಗೂ ದುಂಬಿ ಬರುವುದರಿಂದ ಬಲ್ಬಿನ ಕೆಳಗೆ ನೀರಿನ ಬೋಗುಣಿ ಇಟ್ಟರೂ ಆದೀತು. ಮಳೆ ಬಿದ್ದ ಮೊದಲ ಮೂರು ನಾಲ್ಕು ಸಂಜೆ ಬಿಡದೆ ಮಾಡಬೇಕು. ಮುಂದೆ ಮತ್ತೆ ಮಳೆಯಾದಾಗ ಮತ್ತೆ ಮಾಡಬೇಕು. ಒಂದು ಮನೆಯವರು ಹಿಡಿದು ಹತ್ತು ಮನೆಯವರು ಸುಮ್ಮನಿದ್ದರೆ ಪ್ರಯೋಜನ ಕಡಿಮೆ. ಬೀದಿಯವರೆಲ್ಲ ಕೂಡಿ ಮಾಡತಕ್ಕ ಕೆಲಸವಿದು. ಕುಣಿಗಲ್ ತಾಲ್ಲೂಕಿನ ಒಂದು ಬೀದಿಯಲ್ಲಿ ದೊಡ್ಡವರು ಕೊಂಬೆ ಅಲುಗಿಸುವುದು, ಮಕ್ಕಳು ಆರಿಸುವುದು ಎಂದು ಮಾಡಿದಾಗ, ಕೆಲಸವೋ ಹಬ್ಬವೋ ತಿಳಿಯದಂತೆ ಅರ್ಧ ಬಕೆಟ್ ದುಂಬಿ ತುಂಬಿತು.

ಎರಡನೆಯ ಹೊತ್ತು ಜೂನ್ ಕೊನೆ, ಜುಲೈ. ಆಗ ಹುಳು ಎಳೆಯದು. ಮೆಟರೈಜಿಯಂ ಎಂಬ ಹಸಿರು ಬೂಷ್ಟು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಎಕರೆಗೆ ೪ರಿಂದ ೫ ಕಿಲೋ ಎಂಬ ಲೆಕ್ಕದಲ್ಲಿ ಒಂದು ಗುಂಟೆ ಅಂಗಳಕ್ಕೆ ೧೦೦ರಿಂದ ೧೨೫ ಗ್ರಾಂ ಪುಡಿ ಸಾಕು. ಅದನ್ನು ಒಂದು ಮಂಕರಿ ಕಳಿತ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಡಿ. ಮಣ್ಣು ಹಸಿಯಿರುವಾಗ ಸಂಜೆ ಹರಡಿ ನೀರು ಕೊಡಿ. ಒಣ ಮಣ್ಣಿನಲ್ಲಿಯೂ ಬಿಸಿಲಿನಲ್ಲಿಯೂ ಅದು ಬದುಕದು. ಜೊತೆಗೆ ಗುಂಟೆಗೆ ೫ ಕಿಲೋ ಬೇವಿನ ಹಿಂಡಿಯ ಪುಡಿ ಕೊಟ್ಟರೆ ಹುಲ್ಲಿಗೂ ಗೊಬ್ಬರವಾಗುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖನ್ನೂ ಪ್ರಮಾಣವನ್ನೂ ಓದಿರಿ. ಗೊಣ್ಣೆ ಹುಳುವನ್ನು ಹುಡುಕಿ ಕೊಲ್ಲುವ ಕಣ್ಣಿಗೆ ಕಾಣದ ಜಂತುಹುಳುಗಳ ಪುಡಿಯನ್ನೂ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಸಿದ್ಧಪಡಿಸಿದ್ದಾರೆ.

ಎರಡು ಹೊತ್ತೂ ತಪ್ಪಿತೆ? ಸೆಪ್ಟೆಂಬರ್‌ನಲ್ಲಿ ಹಳದಿ ತೇಪೆ ಕಂಡರೆ ಆ ಜಾಗವನ್ನಷ್ಟೇ ಅಗೆದು, ಹುಳು ಆರಿಸಿ, ಕೋಳಿಗಳನ್ನು ಬಿಡಿ. ಅಂದು ಅತ್ತೆಯ ಮನೆಯಲ್ಲಿ ನಾನು ಮಾಡಿಸಬೇಕಾಗಿದ್ದುದು ಇಷ್ಟೇ. ಸತ್ತ ಆ ಏಳು ಕೋಳಿಗಳೇ ಆ ಕೆಲಸವನ್ನು ಮಾಡಿ ಮುಗಿಸುತ್ತಿದ್ದವು.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅಂಗಳದ ಕೆಲಸ

ಬೇಸಿಗೆ (ಫೆಬ್ರವರಿ–ಮಾರ್ಚ್): ಹೊಸ ಹುಲ್ಲು ನೆಡುವವರು ಆಳವಾಗಿ ಅಗೆದು ಕೊನ್ನಾರಿ ಗಡ್ಡೆ ಒಣಗಿಸುವುದು.

ಅಶ್ವಿನಿ, ಭರಣಿ, ಕೃತ್ತಿಕೆ (ಏಪ್ರಿಲ್ ನಡುವಿನಿಂದ ಮೇ ಕೊನೆ): ಮೊದಲ ಮಳೆಯ ಸಂಜೆ ದುಂಬಿ ಹಿಡಿಯುವುದು.

ರೋಹಿಣಿ, ಮೃಗಶಿರ (ಮೇ ಕೊನೆಯಿಂದ ಜೂನ್): ಹುಲ್ಲು ನೆಡುವುದು, ಪಾರ್ಥೇನಿಯಂ ಎಳೆಯದಿರುವಾಗ ಕೀಳುವುದು.

ಆರಿದ್ರೆ, ಪುನರ್ವಸು (ಜೂನ್ ಕೊನೆಯಿಂದ ಜುಲೈ): ಮೆಟರೈಜಿಯಂ ಬೆರೆಸಿದ ಗೊಬ್ಬರ, ಬೇವಿನ ಹಿಂಡಿ ಹರಡುವುದು.

ಪುಷ್ಯ, ಆಶ್ಲೇಷ, ಮಖೆ (ಜುಲೈ ಕೊನೆಯಿಂದ ಆಗಸ್ಟ್): ಚೌಕ ಕತ್ತರಿಸಿ ಹುಳು ಎಣಿಸುವುದು, ಕೊನ್ನಾರಿ ಮೀಟುವುದು.

ಹುಬ್ಬೆಯಿಂದ ಚಿತ್ತೆಯವರೆಗೆ (ಆಗಸ್ಟ್ ಕೊನೆಯಿಂದ ಅಕ್ಟೋಬರ್): ತೇಪೆಗಳನ್ನು ಅಗೆದು ಹುಳು ಆರಿಸುವುದು; ಎರಡನೆಯ ಸಲ ಹುಟ್ಟಿದ ಪಾರ್ಥೇನಿಯಂ ಕೀಳುವುದು.

ಈ ಪಟ್ಟಿಯನ್ನು ಕತ್ತರಿ ಹಾಕಿ ಬಾಗಿಲ ಹಿಂದೆ ಅಂಟಿಸಿಕೊಳ್ಳಿರೆಂದು ಕೋರುತ್ತೇನೆ. ಹುಳು ಯಾವುದೆಂದು ತಿಳಿಯದಿದ್ದರೆ ಸ್ವಲ್ಪ ಮಣ್ಣಿನೊಡನೆ ಡಬ್ಬಿಯಲ್ಲಿ ಹಾಕಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಹಿರೇಹಳ್ಳಿ, ಕೊನೇಹಳ್ಳಿಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಕೇಳಬಹುದು. ಅಂಗಡಿಯಲ್ಲಿ ಕೇಳುವ ಮುನ್ನ ಇಲ್ಲಿ ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಕೇಳದೆ ಹೇಳಿಬಿಟ್ಟವನು ನಾನು. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಅತ್ತೆಯ ಮನೆಯ ಮುಂದೆ ಈಗ ಮತ್ತೆ ಗರಿಕೆ ಹಬ್ಬಿದೆ, ಮತ್ತೆ ಕೋಳಿಗಳೂ ಇವೆ. ಅಂದಿನ ಮಗು ಈಗ ಶಾಲೆಗೆ ಹೋಗುತ್ತಿದ್ದಾನೆ. ಭರಣಿ ಮಳೆ ಬಿದ್ದ ಸಂಜೆ ಬೇವಿನ ಮರದ ಕೆಳಗೆ ಬಕೆಟ್ ಹಿಡಿದು ಮೊದಲು ನಿಲ್ಲುವವನು ಅವನೇ.

ನಿಮ್ಮ ಗ್ರಾಮಸೇವಕ